ಕೊನೆಗಾಲದಲ್ಲಿ ಅವರು ಏನು ನೆನೆಸಿಕೊಳ್ಳುತ್ತಾರೆ?

ಮಂಡ್ಯ ಸುತ್ತಿನ ಹಳ್ಳಿಗಳಲ್ಲಿ ಪ್ಯಾಲಿಯೇಟಿವ್ ಕೇರ್ ನರ್ಸ್ ಆಗಿ, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ಇಳಿಸಿ ನೋಡಿಕೊಳ್ಳುವ ನರ್ಸ್ ಆಗಿ, ಮನೆಮನೆಗೆ ಹೋಗುತ್ತೇನೆ ಅಂದ ಕೂಡಲೇ ಜನ ಕೇಳುವುದು ಇದನ್ನೇ: "ವಾಸಿಯಾಗದ ಕಾಯಿಲೆಯವರು ಹಳೆಯದನ್ನೆಲ್ಲ ನೆನೆಸಿಕೊಂಡು ಕೊರಗ್ತಾರಲ್ವಾ?"

ಕೊರಗುವವರೂ ಇದ್ದಾರೆ. ಆದರೆ ನಾನು ಕಂಡಂತೆ, ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು ತಾವು ಮಾಡುತ್ತಿದ್ದ ಕೆಲಸ.

ಒಬ್ಬರು ಆಲೆಮನೆಯಲ್ಲಿ ಬೆಲ್ಲ ತೆಗೆಯುತ್ತಿದ್ದವರು. ಬಾಯಿ ಕ್ಯಾನ್ಸರ್, ಮಾತು ತೊದಲು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಬೆಂಡೆಗಿಡದ ಲೋಳೆ ಬಿಟ್ಟು ಮಡ್ಡಿ ತೆಗೆಯುವುದನ್ನು ನಿಧಾನವಾಗಿ ಹೇಳುತ್ತಿದ್ದರು. ಮಗ ತಡೆದ: "ಸುಮ್ಕಿರಪ್ಪೋ, ಸುಸ್ತಾಯ್ತದೆ. ಮೇಡಮ್ಮೋರ್ಗೂ ಹೊತ್ತಾಯ್ತದೆ." ನಾನು ಕೇಳಿದೆ, "ಹದ ಬಂತು ಅಂತ ಹೆಂಗೆ ಗೊತ್ತಾಗೋದು ತಾತ?" ಅವರು ಪಕ್ಕದ ಲೋಟದ ನೀರಿಗೆ ಎರಡು ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ ತೋರಿಸಿದರು. ತಣ್ಣೀರಿಗೆ ಬಿಟ್ಟ ಪಾಕ ಬೆರಳಲ್ಲಿ ಉಂಡೆ ಕಟ್ಟಬೇಕು. "ಅಚ್ಚಿಗೆ ಉಯ್ದ ಮೇಲೆ ಗೊತ್ತಾಗಿ ಏನ್ ಬಂತು ಕಣವ್ವ? ಮುಂಚೇನೇ ಗೊತ್ತಾಗ್ಬೇಕು." ಮಗ ಬಾಗಿಲ ಹತ್ತಿರ ನಿಂತಿದ್ದವನು ಬಂದು ಮಂಚದ ಮೇಲೆ ಕೂತ.

ಹಾಸಿಗೆ ಹಿಡಿದವರನ್ನು ನಾವೆಲ್ಲ ದಿನವಿಡೀ ಕೇಳುವುದು ಉಂಡ್ರಾ, ಮೋಷನ್ ಆಯ್ತಾ, ಎಲ್ಲಿ ನೋವು ಅಂತ. ಕೇಳಲೇಬೇಕು, ನಿಜ. ಆದರೆ ಆ ಮನೆಯಲ್ಲಿ ಹದ ಬಲ್ಲ ಒಬ್ಬ ಮನುಷ್ಯ ಇದ್ದಾನೆ ಅನ್ನೋದು ಅದರಲ್ಲಿ ಕಾಣುವುದೇ ಇಲ್ಲ. ಅದು ಕಾಣಬೇಕು ಅಂತಲೇ ಅವರು ಮಾತಾಡುವುದು.

ಹೆಂಗಸರದ್ದು ಇನ್ನೂ ಹೀಗೇ. "ನಾನೇನು ಮಾಡೀವ್ನಿ, ಒಲೆ ಮುಂದೆ ಬದುಕು ಕಳೆದೆ" ಅನ್ನುತ್ತಲೇ ಒಬ್ಬ ಅಜ್ಜಿ ತಾನು ಯಾರ್ಯಾರ ಬಾಣಂತನ ಮಾಡಿದೆ ಅಂತ ಸಾಲಾಗಿ ಹೇಳಿದರು. ನಡುವೆ ಒಂದು ಹೆಸರು ಬಿಟ್ಟುಹೋಗಿತ್ತು. ಸೊಸೆ ಅಡುಗೆಮನೆಯಿಂದಲೇ ನೆನಪಿಸಿದಳು. ಅಜ್ಜಿ ಅಲ್ಲಿಂದಲೇ ಮತ್ತೆ ಶುರು ಮಾಡಿದರು. ಯಾವ ಹೆಸರೂ ತಪ್ಪಬಾರದು ಅವರಿಗೆ.

ಇಂಥ ಮಾತನ್ನು ಅರಳುಮರಳು ಅಂತ ತಳ್ಳಿಹಾಕುವುದು ನನಗೆ ಸಹಿಸಲಾಗುವುದಿಲ್ಲ. ಹಿಂದಿನದನ್ನು ತಿರುಗಿ ನೋಡುವುದು ಮುಪ್ಪಿನಲ್ಲಿ ಸಹಜ ಅಂತ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು. ಕೆನಡಾದ ಮನೋವೈದ್ಯ ಹಾರ್ವೆ ಚೋಚಿನೊವ್ ಇನ್ನೂ ಮುಂದೆ ಹೋದರು. ಬದುಕಿನಲ್ಲಿ ನಿಮಗೆ ಮುಖ್ಯ ಅನ್ನಿಸಿದ್ದು ಯಾವುದು, ಮನೆಯವರಿಗೆ ಏನು ತಿಳಿದಿರಬೇಕು ಅಂತ ರೋಗಿಗಳನ್ನು ಕೇಳಿ, ಉತ್ತರ ರೆಕಾರ್ಡ್ ಮಾಡಿ, ಬರಹಕ್ಕಿಳಿಸಿ, ತಿದ್ದಿ ಅವರ ಕೈಗೇ ಕೊಟ್ಟರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೆನಡಾ, ಆಸ್ಟ್ರೇಲಿಯಾದ 100 ರೋಗಿಗಳಿದ್ದರು. ಇದರಿಂದ ತಮ್ಮ ಘನತೆ ಹೆಚ್ಚಿದಂತಾಯಿತು ಅಂದವರು ನೂರಕ್ಕೆ 76.

ಇದೆಲ್ಲ ಆಗಬೇಕಾದರೆ ಮೊದಲು ನೋವು ಇಳಿಯಬೇಕು. ನರಳುವವರ ಹತ್ತಿರ ನೆನಪು ಕೇಳುವುದು ಕ್ರೌರ್ಯ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಅಂದರೆ ಈಗಲೂ ಮನೆಯವರು ಹೆದರುತ್ತಾರೆ. ಅದು ಆಸ್ಪತ್ರೆಗಳಿಗೆ ಸುಲಭವಾಗಿ ಸಿಗಲಿ ಅಂತ 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೇ ತಿದ್ದುಪಡಿ ಬಂತು. ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಕೊಟ್ಟರೆ ಎಷ್ಟೋ ಜನ ಎದ್ದು ಕೂತು ಮಾತಾಡುತ್ತಾರೆ.

ಮೊದಲು ಕೇಳಿದ ಆ ಕೊರಗು ಬರುವುದು ಆಮೇಲೆ, ಹೆಚ್ಚಾಗಿ ರಾತ್ರಿ ಹೊತ್ತು, ಹೆಂಡತಿಯ ಹತ್ತಿರವೋ ಮಗಳ ಹತ್ತಿರವೋ. ಜಮೀನು ಭಾಗದಲ್ಲಿ ಮಾತು ಬಿಟ್ಟ ತಮ್ಮ. ಮಾದಪ್ಪನಿಗೆ ಹೊತ್ತು ತೀರಿಸದ ಹರಕೆ. "ಅದೆಲ್ಲ ಈಗ್ಯಾಕೆ" ಅನ್ನಬೇಡಿ, ದಯವಿಟ್ಟು. ತಮ್ಮನಿಗೆ ಫೋನ್ ಮಾಡಿ. ಹರಕೆಯನ್ನು ಮಗ ಬೆಟ್ಟಕ್ಕೆ ಹೋಗಿ ತೀರಿಸಿ ಬರಬಹುದು, ಪ್ರಸಾದ ತಂದು ಹಣೆಗಿಡಬಹುದು. ಏನೂ ನೆನೆಸಿಕೊಳ್ಳಲು ಇಷ್ಟವಿಲ್ಲದವರೂ ಇರುತ್ತಾರೆ. ಅವರನ್ನು ಕೆದಕಬೇಡಿ, ಜೊತೆಗೆ ಕೂತರೆ ಸಾಕು.

ಕೇಳುವುದಾದರೆ "ನಿಮ್ಮ ಜೀವನದ ಬಗ್ಗೆ ಹೇಳಿ" ಅಂತ ಶುರು ಮಾಡಬೇಡಿ, ಯಾರಿಗೂ ಬಾಯಿ ಬರುವುದಿಲ್ಲ. ನಾಲೆ ನೀರಿನ ಸರದಿ ಯಾವ ಹೊತ್ತಿಗೆ ಬರ್ತಿತ್ತು, ಮೊದಲ ಎತ್ತಿನ ಜೋಡಿ ಯಾವ ಜಾತ್ರೇಲಿ ತಂದ್ರಿ, ಅಂಥದ್ದು ಕೇಳಿ. ನೋವಿನ ಮಾತ್ರೆ ನುಂಗಿ ಒಂದು ಗಂಟೆಯಾದ ಮೇಲೆ ಕೇಳಿ. ಫೋನಲ್ಲಿ ರೆಕಾರ್ಡ್ ಮಾಡುವುದಾದರೆ ಅವರ ಒಪ್ಪಿಗೆ ಪಡೆದು, ಎದುರಿಗೇ ಇಟ್ಟು ಮಾಡಿ. ಮೊಮ್ಮಕ್ಕಳಿದ್ದರೆ ಕೇಳುವ ಕೆಲಸ ಅವರಿಗೇ ಬಿಡಿ.