ಮೌಸ್ ಮಕ್ಕಳ ಕೈಯಲ್ಲೇ ಇರಲಿ

ದಾವಣಗೆರೆಯಲ್ಲೂ ಈಗ ಮಕ್ಕಳಿಗೆ ಕೋಡಿಂಗ್, ಅಂದರೆ ಕಂಪ್ಯೂಟರಿಗೆ ಆಜ್ಞೆ ಬರೆಯುವುದನ್ನು, ಕಲಿಸುವ ಕ್ಲಾಸಿನ ಗಾಳಿ ಬೀಸಿದೆ. ಸಂಜೆ ವಿದ್ಯಾನಗರದ ಕಡೆ ವಾಕಿಂಗ್ ಹೋದರೆ "ಮಗಳನ್ನ ಯಾವ ಕ್ಲಾಸಿಗೆ ಹಾಕಿದ್ರಿ?" ಅಂತ ಕೇಳುವವರೇ ಜಾಸ್ತಿ. ಎಲ್ಲಿಗೂ ಹಾಕಿಲ್ಲ ಅಂದರೆ ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಾರೆ.

ನನ್ನ ಪ್ರಕಾರ ಪ್ರೈಮರಿ ವಯಸ್ಸಿಗೆ ಸಾವಿರಗಟ್ಟಲೆ ಫೀಸು ಕಟ್ಟಿ ಕಲಿಸುವಂಥದ್ದು ಏನೂ ಇಲ್ಲ. ಒಂದು ಹಳೇ ಲ್ಯಾಪ್‌ಟಾಪ್, ಪುಕ್ಕಟೆ ಸಿಗುವ ಸ್ಕ್ರ್ಯಾಚ್ ಅನ್ನುವ ಕೋಡಿಂಗ್ ಸಾಫ್ಟ್‌ವೇರ್, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಅಪ್ಪನೋ ಅಮ್ಮನೋ ಸಾಕು. ಈ ಕೊನೇದೇ ಕಷ್ಟ ನೋಡಿ.

ಸ್ಕ್ರ್ಯಾಚನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಟ್ಟರು. 8 ವರ್ಷ ಮೇಲ್ಪಟ್ಟವರಿಗೆ. ಕೋಡ್ ಟೈಪ್ ಮಾಡುವ ಗೋಳಿಲ್ಲ, ಇಷ್ಟು ಹೆಜ್ಜೆ ನಡಿ, ಇಷ್ಟು ಡಿಗ್ರಿ ತಿರುಗು, ಇದನ್ನೇ ಮತ್ತೆ ಮಾಡು ಅನ್ನುವ ಬಣ್ಣದ ಬ್ಲಾಕುಗಳನ್ನು ಎಳೆದು ಒಂದರ ಕೆಳಗೊಂದು ಜೋಡಿಸಿದರೆ ಪರದೆ ಮೇಲಿನ ಬೆಕ್ಕು ಹಾಗೇ ಮಾಡುತ್ತದೆ. 5ರಿಂದ 7 ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್ ಇದೆ, ಟ್ಯಾಬಿನಲ್ಲಿ ನಡೆಯುತ್ತದೆ. ಅದರ ಬ್ಲಾಕುಗಳ ಮೇಲೆ ಅಕ್ಷರದ ಬದಲು ಚಿತ್ರ. ಹಾಗಾಗಿ ಕನ್ನಡ ಮೀಡಿಯಮ್ಮಾ, ಇಂಗ್ಲಿಷಾ ಅನ್ನುವ ತಕರಾರೇ ಇಲ್ಲ. ಎರಡನ್ನೂ ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ.

ಐದನೇ ಕ್ಲಾಸಿನ ನನ್ನ ಮಗಳು ಮೊನ್ನೆ ಬೆಕ್ಕಿಗೆ ಪೆನ್ನು ಕೊಟ್ಟು ತ್ರಿಕೋನ ಬರೆಸಲು ಕೂತಳು. 100 ಹೆಜ್ಜೆ ನಡಿ, 60 ಡಿಗ್ರಿ ತಿರುಗು, ಮೂರು ಸಲ. ಸಮಬಾಹು ತ್ರಿಕೋನದ ಮೂಲೆ 60 ತಾನೇ? ಬೆಕ್ಕು ಮಾತ್ರ ಮುರಿದ ಬಟ್ಟಲಿನ ಹಾಗೆ ಏನೋ ಗೀಚಿ ನಿಂತುಬಿಟ್ಟಿತು. 120 ಹಾಕು ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. "ನೀನೇ ಬೆಕ್ಕಾಗಿ ನಡೆದು ನೋಡು" ಅಂದೆ ಅಷ್ಟೇ. ನಡುಮನೆಯಲ್ಲಿ ಮೂರು ಕುರ್ಚಿ ಇಟ್ಟುಕೊಂಡು ಸುತ್ತಿದಳು. ಪ್ರತಿ ಮೂಲೆಯಲ್ಲೂ ಕಾಲು ಸುತ್ತಿಗಿಂತ ಜಾಸ್ತಿ ಹೊರಳಬೇಕು ಅಂತ ಕಾಲಿಗೇ ಗೊತ್ತಾಯಿತು. "ಅಮ್ಮಾ, ಒಂದು ಪೂರ್ತಿ ಸುತ್ತು 360 ಅಲ್ವಾ? ಮೂರು ಪಾಲು ಮಾಡಿದ್ರೆ 120!"

ಇದೇನು ಹೊಸ ಉಪಾಯ ಅಲ್ಲ. 1967ರಲ್ಲಿ ಎಂಐಟಿಯ ಗಣಿತಜ್ಞ ಸೀಮೋರ್ ಪ್ಯಾಪರ್ಟ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ ಮಾಡಿದರು, ಮುಂದೆ ಅದಕ್ಕೆ ಹೇಳಿದ ಹಾಗೆ ನಡೆದು ಗೆರೆ ಎಳೆಯುವ ಒಂದು ಆಮೆ ಬಂತು. ಆ ಆಮೆಯ ಜಾಗದಲ್ಲಿ ಮಗು ತಾನೇ ನಿಂತು ಯೋಚಿಸಲಿ ಅನ್ನುವುದೇ ಪ್ಯಾಪರ್ಟ್ ಹೇಳುತ್ತಿದ್ದದ್ದು. ಅವತ್ತು ನಾನು ಮೌಸ್ ಕಿತ್ತುಕೊಂಡು 120 ಒತ್ತಿದ್ದರೆ ತ್ರಿಕೋನ ಅರ್ಧ ನಿಮಿಷದಲ್ಲಿ ಬರುತ್ತಿತ್ತು, ಅವಳಿಗೆ ಏನೂ ಬರುತ್ತಿರಲಿಲ್ಲ.

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಷಟ್ಕೋನಕ್ಕೆ 60 ಅಂತ ತಾನೇ ಕಂಡುಕೊಂಡಳು. ಅದನ್ನೇ ಇನ್ನೊಂದು ರಿಪೀಟ್ (ಮತ್ತೆ ಮಾಡು) ಬ್ಲಾಕಿನ ಒಳಗೆ ತುರುಕಿ, ಪ್ರತಿ ಸಲ 60 ತಿರುಗಿಸಿ ಆರು ಸಲ ಬರೆಸಿದರೆ ಹೂವು ಬಂತು. ಅಡುಗೆಮನೆಯಿಂದ ಬಂದ ನಮ್ಮತ್ತೆ ಇಣುಕಿ ನೋಡಿ "ರಂಗೋಲಿ ಹಾಕಾಕೆ ಕಂಪ್ಯೂಟ್ರು ಬೇಕೇನವ್ವಾ?" ಅಂದರು.

ದೊಡ್ಡವರು ಬಳಸುವ ಪೈಥಾನ್ ಭಾಷೆ ಯಾವಾಗ ಅಂತ ಕೇಳುವವರಿಗೆ: ಅದರಲ್ಲೂ ಇಂಥದ್ದೇ ಟರ್ಟಲ್ (ಆಮೆ) ಇದೆ, ಇವೇ ನಡಿ, ತಿರುಗು ಆಜ್ಞೆಗಳು, ಟೈಪ್ ಮಾಡಬೇಕು ಅಷ್ಟೇ. ನಮ್ಮವಳು ಇನ್ನೂ ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಹುಡುಕುತ್ತಾಳೆ. ಹಾಗಾಗಿ ಸದ್ಯಕ್ಕೆ ಬೆಕ್ಕೇ ಇರಲಿ ಅಂತ ಬಿಟ್ಟಿದ್ದೇನೆ.