ದಣಿದವಳು

ಸ್ಪೇನಿನ ವ್ಯಾಲೆನ್ಸಿಯಾದ ಸೆಂಟ್ರಲ್ ಮಾರುಕಟ್ಟೆ ಶುರುವಾದದ್ದು 1928ರಲ್ಲಿ. ಆ ಎತ್ತರದ ಗುಮ್ಮಟದ ಕೆಳಗೆ, ಮೊಟ್ಟೆ ಮಾರುವ ಅಜ್ಜಿಯೊಬ್ಬರ ಮುಂದೆ ನಿಂತು ‘ಮೇದಿಯೊ ದೊಥೇನಾ’ ಎಂದೆ. ಅರ್ಧ ಡಜನ್ ಎಂದು ನನ್ನ ಲೆಕ್ಕ. ಆಗಷ್ಟೇ ಪಕ್ಕದ ಅಂಗಡಿಯಲ್ಲಿ ‘ಮೇದಿಯೊ ಕೀಲೊ’ ಟೊಮೆಟೊ ಕೇಳಿ ತಂದಿದ್ದೆ, ಅದೇ ಧೈರ್ಯ. ಅಜ್ಜಿ ಮೊಟ್ಟೆ ಎಣಿಸುತ್ತಲೇ ‘ಮೇದಿಯಾ’ ಎಂದು ತಿದ್ದಿದರು. ಕೀಲೊ ಪುಲ್ಲಿಂಗ, ದೊಥೇನಾ ಸ್ತ್ರೀಲಿಂಗ. ‘ಅರ್ಧ’ ಎಂಬ ಮಾತೂ ಅದಕ್ಕೆ ಹೊಂದಿಕೊಳ್ಳಬೇಕು.

ನಮ್ಮ ಕೆಂಪಿಗೆ ಈ ಕಟ್ಟುಪಾಡಿಲ್ಲ. ಸೇಬು ಒಂದಿರಲಿ, ಹತ್ತಿರಲಿ, ಕೆಂಪು ಕೆಂಪೇ. ಸ್ಪ್ಯಾನಿಷ್‌ನಲ್ಲಿ ಟೊಮೆಟೊ ‘ರೋಹೊ’, ಹಲವಾದರೆ ‘ರೋಹೊಸ್’. ಸೇಬು ‘ರೋಹಾ’, ಹಲವಾದರೆ ‘ರೋಹಾಸ್’. ಹಸಿರಿನ ‘ಬೆರ್ದೆ’ ಮಾತ್ರ ಲಿಂಗಕ್ಕೆ ಬದಲಾಗದೆ ವಚನಕ್ಕಷ್ಟೇ ಬದಲಾಗುತ್ತದೆ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ, ಬರೆದು ಅಭ್ಯಾಸವನ್ನೂ ಮಾಡಿದ್ದೆ. ನಾಲಿಗೆಗೆ ಇಳಿದಿರಲಿಲ್ಲ.

ಮುಖ ಬಾಡಿದೆಯಲ್ಲ ಎಂದು ಅಜ್ಜಿ ಕೇಳಿದರು. ‘ಎಸ್ತೊಯ್ ಕನ್‌ಸಾದೊ’ ಎಂದೆ, ದಣಿದಿದ್ದೇನೆ ಎಂದು. ನಮ್ಮ ಮನೆಯ ಯಜಮಾನರು ದಿನಾ ಸಂಜೆ ಮೆಟ್ಟಿಲು ಹತ್ತುವಾಗ ಹೇಳುವ ಮಾತು. ಕೇಳಿ ಕೇಳಿ ಕಲಿತದ್ದು. ಅಜ್ಜಿ ನನ್ನ ಮಣಿಕಟ್ಟು ಹಿಡಿದು, ‘ಕನ್‌ಸಾದಾ, ಇಹಾ’ ಎಂದರು. ಇಹಾ ಎಂದರೆ ಮಗಳೇ.

ಚೀಲ ಹೊತ್ತು ನಡೆಯುವಾಗ ಆ ಒಂದು ಅಕ್ಷರವೇ ತಲೆಯಲ್ಲಿ ತುಂಬಿತ್ತು. ‘ನಾನು ಬಂದೆ’, ‘ನನಗೆ ದಣಿವಾಗಿದೆ’ ಎನ್ನುವಾಗ ಹೇಳುವವರು ಹೆಣ್ಣೋ ಗಂಡೋ ಎಂಬುದು ಕನ್ನಡದಲ್ಲಿ ತಿಳಿಯುವುದಿಲ್ಲ. ಇಲ್ಲಿ ನನ್ನ ದಣಿವಿಗೂ ನನ್ನ ಗುರುತಿತ್ತು. ಇಷ್ಟು ತಿಂಗಳೂ ಅದನ್ನು ಬೇರೆಯವರ ಹೆಸರಿನಲ್ಲಿ ಹೇಳಿಕೊಂಡು ಬಂದಿದ್ದೆ ಎನ್ನಿಸಿತು.

ಆಮೇಲೆ ಅಮ್ಮನೊಡನೆ ಆಡುತ್ತಿದ್ದ ಜಗಳ ನೆನಪಾಯಿತು: ‘ನಾನೇನು ಚಿಕ್ಕವಳೇ?’ ಅಣ್ಣನಾದರೆ ‘ಚಿಕ್ಕವನೇ’ ಎನ್ನುತ್ತಿದ್ದ. ‘ಚಿಕ್ಕ ಹುಡುಗ’, ‘ಚಿಕ್ಕ ಹುಡುಗಿ’ ಎನ್ನುವಾಗ ಕದಲದ ನಮ್ಮ ‘ಚಿಕ್ಕ’, ವಾಕ್ಯದ ಕೊನೆಗೆ ಬಂದರೆ ವನು, ವಳು, ವರು ಎಂದು ಹೊಂದಿಕೊಳ್ಳುತ್ತದೆ. ಅಜ್ಜಿ ಕೇಳಿದ್ದು ನನ್ನ ನಾಲಿಗೆ ಬಾಲ್ಯದಿಂದಲೂ ಬಲ್ಲ ಕೆಲಸವನ್ನೇ. ಕನ್‌ಸಾದಾ: ದಣಿದವಳು. ದಾರಿಯುದ್ದಕ್ಕೂ ಹೇಳಿಕೊಂಡೆ.

ಮುಂದಿನ ಶನಿವಾರ ‘ಮೇದಿಯಾ ದೊಥೇನಾ’ ಎಂದು ಕೇಳಿದೆ. ಹೇಗಿದ್ದೀಯೆ ಎಂದರು ಅಜ್ಜಿ.

‘ಕೊಂತೆಂತಾ’ ಎಂದೆ. ಸಂತೋಷವಾಗಿರುವವಳು.