ಒಂದೇ ರನ್‌ವೇ, ಇಬ್ಬರು ಕೇಳುವವರು: ಹವೆ ಹೇಳುವ ಕೆಲಸದಲ್ಲಿ ಕಲಿತದ್ದು

ಸೇನೆಯೂ ನಾಗರಿಕ ವಿಮಾನಗಳೂ ಹಂಚಿಕೊಂಡು ಬಳಸುವ ನಿಲ್ದಾಣದ ಹವಾಮಾನ ಕೊಠಡಿಯಲ್ಲಿ ನನ್ನ ಕೆಲಸ. ಇಲ್ಲಿಗೆ ಹೊಸಬರು ಬಂದಾಗ ನಾನು ಉಪಕರಣಗಳಿಂದ ಪಾಠ ಶುರುಮಾಡುವುದಿಲ್ಲ. ಫೋನಿನ ಆ ಬದಿಯಲ್ಲಿ ಯಾರಿದ್ದಾರೆ, ಅವರಿಗೆ ಬೇಕಾದದ್ದೇನು ಎಂಬುದನ್ನು ಮೊದಲು ಹೇಳುತ್ತೇನೆ.

ಪ್ರಯಾಣಿಕರ ಜೆಟ್ ಹೊರಡುವಾಗಲೇ ಬದಲಿ ನಿಲ್ದಾಣಕ್ಕೆ ಹೋಗುವಷ್ಟು ಇಂಧನವನ್ನೂ, ಅದರ ಮೇಲೆ ಅರ್ಧ ಗಂಟೆ ಹಾರುವಷ್ಟನ್ನೂ ಸಾಮಾನ್ಯವಾಗಿ ಇಟ್ಟುಕೊಂಡಿರುತ್ತದೆ. ರೇಡಿಯೊ ಸಂಕೇತದಿಂದ ರನ್‌ವೇಗೆ ದಾರಿ ತೋರಿಸುವ ಐಎಲ್ಎಸ್‌ನ ಮೊದಲ ದರ್ಜೆಯಲ್ಲಿ ಇಳಿಯುವವರು ಕೇಳುವುದು ಆರ್‌ವಿಆರ್, ಅಂದರೆ ರನ್‌ವೇ ಉದ್ದಕ್ಕೆ ದೀಪಗಳು ಎಷ್ಟು ದೂರ ಕಾಣುತ್ತವೆ ಎಂಬ ಅಳತೆ. ಅದು 550 ಮೀಟರ್ ದಾಟಿದ್ದರೆ ಅವರು ಪ್ರಯತ್ನಿಸಬಹುದು. 200 ಅಡಿಗೆ ಬಂದಾಗಲೂ ಏನೂ ಕಾಣದಿದ್ದರೆ ಮತ್ತೆ ಮೇಲೇರುತ್ತಾರೆ. ಯುದ್ಧವಿಮಾನಗಳ ಲೆಕ್ಕ ಬೇರೆ. ನಾಲ್ಕು ಒಟ್ಟಿಗೆ ಹಿಂತಿರುಗುತ್ತವೆ, ಇಂಧನ ಕಡಿಮೆ, ಒಂದರ ಹಿಂದೆ ಒಂದು ಇಳಿಯಬೇಕು. ಈಗ ಎಷ್ಟು ಕಾಣುತ್ತಿದೆ ಎಂಬುದಕ್ಕಿಂತ, ನಾಲ್ಕನೆಯದು ಇಳಿಯುವವರೆಗೂ ಹೀಗೇ ಇರುತ್ತದೆಯೇ ಎಂಬುದು ಅವರಿಗೆ ಮುಖ್ಯ. ಅರ್ಧ ಗಂಟೆಗೊಮ್ಮೆ ಹೊರಡುವ ಮೆಟಾರ್ ಎಂಬ ಹವಾ ವರದಿ ಈ ಪ್ರಶ್ನೆಗೆ ಸಾಲದು.

ನೇಟೋ ದೇಶಗಳ ಸೇನಾ ನೆಲೆಗಳಲ್ಲಿ ಹವೆಯನ್ನು ಒಂದು ಬಣ್ಣದಲ್ಲೇ ಹೇಳಿಬಿಡುವ ಪದ್ಧತಿ ಇದೆ. ಮೋಡದ ತಳ 2500 ಅಡಿ, ಗೋಚರತೆ 8 ಕಿ.ಮೀ. ಇದ್ದರೆ ನೀಲಿ, ಅಲ್ಲಿಂದ ಇಳಿಯುತ್ತಾ ಬಿಳಿ, ಹಸಿರು, ಹಳದಿ, ಆಂಬರ್, ಕೊನೆಗೆ ಕೆಂಪು. ಮೋಡ, ಗೋಚರತೆ ಬಿಟ್ಟು ಬೇರೆ ಕಾರಣಕ್ಕೆ ರನ್‌ವೇ ಬಳಸಲಾಗದಿದ್ದರೆ ಕಪ್ಪು. ತುರ್ತಿನಲ್ಲಿರುವ ಪೈಲಟ್‌ಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ನನ್ನನ್ನು ಅತಿ ಹೆಚ್ಚು ಎಚ್ಚರವಾಗಿಡುವುದು ಬೆಳಗಿನ ಮಂಜು. ಆಕಾಶ ತಿಳಿಯಾಗಿ, ಗಾಳಿ ಬಹುತೇಕ ನಿಂತು, ತಾಪಮಾನ ಇಬ್ಬನಿ ಬಿಂದುವಿನ (ಗಾಳಿಯ ತೇವ ಹನಿಯಾಗತೊಡಗುವ ತಾಪಮಾನ) ಹತ್ತಿರ ಸರಿಯುತ್ತಿದ್ದರೆ ನಾನು ಕಿಟಕಿ ಬಿಟ್ಟು ಕದಲುವುದಿಲ್ಲ. ಎರಡು ಮೀಟರಿಗಿಂತ ತೆಳ್ಳಗಿನ ನೆಲಮಂಜು ವಿಶೇಷವಾಗಿ ಮೋಸಗಾರ. ಮೇಲಿನಿಂದ ನೇರ ಕೆಳಗೆ ನೋಡುವವರಿಗೆ ರನ್‌ವೇ ಪೂರ್ತಿ ಸ್ಪಷ್ಟ. ಚಕ್ರ ತಾಗಿಸುವ ಹೊತ್ತಿಗೆ ಓರೆ ನೋಟ ಅದೇ ಪದರವನ್ನು ಉದ್ದಕ್ಕೆ ಸೀಳಬೇಕಾಗುತ್ತದೆ, ಆಗ ಮುಂದಿನದು ಮಾಯ. ಸುತ್ತು ಹಾಕಿ ಕಣ್ಣಳತೆಯಲ್ಲಿ ಇಳಿಯುವ ಯುದ್ಧವಿಮಾನದವರಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಸೂರ್ಯ ಹುಟ್ಟಿದ ಕೂಡಲೇ ಮಂಜು ಕರಗುತ್ತದೆ ಎಂದು ನಂಬುವವರೂ ಇದ್ದಾರೆ. ಮೊದಲ ಬಿಸಿಲಿಗೆ ಗಾಳಿ ಸ್ವಲ್ಪ ಕದಡಿ, ಹುಲ್ಲಿನ ಮೇಲಿದ್ದ ಪದರ ಎದ್ದು ದಪ್ಪವಾಗುವುದೂ ಉಂಟು. ಹಾಗಾಗಿ ಆ ಹೊತ್ತಿನಲ್ಲಿ ನಾನು ಒಂದೇ ಅಂಕಿ ಹೇಳಿ ಸುಮ್ಮನಾಗುವುದಿಲ್ಲ. ರನ್‌ವೇಯ ಯಾವ ತುದಿ, ಎಷ್ಟು ಗಂಟೆಯ ಅಳತೆ, ಏರುತ್ತಿದೆಯೋ ಇಳಿಯುತ್ತಿದೆಯೋ, ಮೂರನ್ನೂ ಸೇರಿಸುತ್ತೇನೆ.

ಗಾಳಿಯಲ್ಲೂ ಇದೇ ಎಚ್ಚರ ಬೇಕು. ಮೆಟಾರ್‌ನ ದಿಕ್ಕು ಭೌಗೋಳಿಕ ಉತ್ತರದಿಂದ ಎಣಿಸಿದ್ದು, ಹತ್ತು ನಿಮಿಷದ ಸರಾಸರಿ. ಟವರ್, ಅಂದರೆ ವಿಮಾನ ಸಂಚಾರ ನಿಯಂತ್ರಿಸುವವರು, ಹೇಳುವುದು ಕಾಂತೀಯ ಉತ್ತರದಿಂದ, ಎರಡು ನಿಮಿಷದ ಸರಾಸರಿ. ಎರಡೂ ಸರಿ, ಆದರೆ ಬೆರೆಸಬಾರದು. ವಿಮಾನದ ಎತ್ತರಮಾಪಕಕ್ಕೆ ಹೊಂದಿಸಿಕೊಳ್ಳುವ ಗಾಳಿಯ ಒತ್ತಡದ್ದೂ ಹಾಗೆಯೇ. ನಾಗರಿಕ ವಿಮಾನಗಳಿಗೆ ಸಮುದ್ರಮಟ್ಟಕ್ಕೆ ಹೊಂದಿಸಿದ ಕ್ಯೂಎನ್ಎಚ್ ಬೇಕು, ಕೆಲವು ವಾಯುಪಡೆಗಳು ರನ್‌ವೇ ಮೇಲೆ ಸೊನ್ನೆ ತೋರಿಸುವ ಕ್ಯೂಎಫ್ಇ ಕೇಳುತ್ತವೆ. ಒಂದು ಹೆಕ್ಟೋಪ್ಯಾಸ್ಕಲ್ ವ್ಯತ್ಯಾಸವೆಂದರೆ ಎತ್ತರದಲ್ಲಿ ಸುಮಾರು 28 ಅಡಿ. ಹೆಸರಿಲ್ಲದೆ ಬರೀ ಅಂಕಿಯನ್ನು ನಾನು ಯಾರಿಗೂ ಕೊಡುವುದಿಲ್ಲ.

ಮಳೆ ಬಂದರೆ ಇಬ್ಬರ ಬೇಡಿಕೆ ಎದುರುಬದುರಾಗಬಹುದು. 2021ರ ನವೆಂಬರ್‌ನಿಂದ ಜಾರಿಯಲ್ಲಿರುವ ಜಾಗತಿಕ ಪದ್ಧತಿಯಲ್ಲಿ ರನ್‌ವೇಯನ್ನು ಮೂರು ಭಾಗ ಮಾಡಿ, ಒಣಗಿದ್ದರೆ 6, ಒದ್ದೆಯಾಗಿದ್ದರೆ 5, ಮೂರು ಮಿಲಿಮೀಟರಿಗಿಂತ ಹೆಚ್ಚು ನೀರು ನಿಂತಿದ್ದರೆ 2 ಎಂದು ಗುರುತಿಸುತ್ತಾರೆ. ಕೊನೆಯ ಭಾಗ 2ಕ್ಕೆ ಇಳಿದಾಗ, ಕೊಕ್ಕೆ ಇರುವ ಯುದ್ಧವಿಮಾನದ ಪೈಲಟ್ ರನ್‌ವೇಗೆ ಅಡ್ಡಲಾಗಿ ಕಟ್ಟಿ ಕೊಕ್ಕೆಗೆ ಸಿಕ್ಕಿಸಿ ವಿಮಾನ ನಿಲ್ಲಿಸುವ ಅರೆಸ್ಟರ್ ಕೇಬಲ್ ಸಿದ್ಧವಿರಲಿ ಎನ್ನಬಹುದು. ಹಿಂದೆಯೇ ಬರುವ ಪ್ರಯಾಣಿಕ ವಿಮಾನದವರು ಅದು ದಾರಿಯಲ್ಲಿ ಇರದಿರಲಿ ಎನ್ನಬಹುದು. ಕೇಬಲ್‌ಗೆ ಒಂದು ವಿಮಾನ ಸಿಕ್ಕಿಕೊಂಡರೆ, ಅದನ್ನು ಬಿಡಿಸಿ ತೆರವು ಮಾಡುವವರೆಗೆ ರನ್‌ವೇ ಬಂದ್. ಯಾರು ಮೊದಲು ಇಳಿಯಬೇಕು ಎಂಬ ತೀರ್ಮಾನ ಟವರ್‌ನದು. ಅದಕ್ಕೆ ಅವರಿಗೆ ಸಮಯ ಬೇಕು. ಆದ್ದರಿಂದ ರಾಡಾರ್‌ನಲ್ಲಿ ಮಳೆಯ ಅಂಚು ನಮ್ಮ ಕಡೆ ತಿರುಗಿದ್ದು ಕಂಡ ತಕ್ಷಣ, ಮೊದಲ ಹನಿ ಬೀಳುವುದಕ್ಕೆ ಕಾಯದೆ, ಎಷ್ಟು ಹೊತ್ತಿಗೆ ಬರಬಹುದೆಂಬ ಅಂದಾಜಿನೊಂದಿಗೆ ಫೋನ್ ಮಾಡುತ್ತೇನೆ.